ರಮಾಮಣಿಯವರ ಕೈಶಾವಿಗೆ

ಗಂಡಸಿನ ಮರ್ಯಾದೆ ಇರುವುದು ಅಡುಗೆಮನೆ ಹೊಸ್ತಿಲಿನ ಈಚೆಗೆ ಎಂಬುದು ಜೀವನ್ ಬಿಮಾ ನಗರದ ವೆಂಕಟಾಚಲರ ಸಿದ್ಧಾಂತ. ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಈಗ ಕೈಕೆಳಗೆ ಯಾರೂ ಇಲ್ಲದ್ದರಿಂದ, ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಜೊತೆಯಲ್ಲೇ ನಿವೃತ್ತರಾದ ಗೆಳೆಯರ ಮೇಲೆ ಫೋರ್‌ಮನ್‌ಗಿರಿ ನಡೆಸುತ್ತಿದ್ದರು.

“ನೋಡ್ರಯ್ಯಾ, ಪಾಪ ಅಂತ ಇವತ್ತು ಒಂದು ಸೌಟು ಹಿಡಿದ್ರಿ ಅನ್ಕೊಳ್ಳಿ, ನಾಳೆ ಕೈಗೆ ಪೊರಕೆ ಕೊಡ್ತಾರೆ, ನಾಡಿದ್ದು ಪಾತ್ರೆ ಮುಂದೆ ಕೂರಿಸ್ತಾರೆ. ನನ್ನ ನೋಡಿ. ಮದುವೆಯಾದಾಗಿಂದ ಒಂದು ಲೋಟ ನೀರು ಬಗ್ಗಿಸ್ಕೊಂಡು ಕುಡಿದೋನಲ್ಲ!”

ಗೆಳೆಯರು ತಲೆದೂಗುತ್ತಿದ್ದರು. ಎಲ್ಲರಿಗಿಂತ ಭಕ್ತಿಯಿಂದ ತಲೆದೂಗುತ್ತಿದ್ದವರು ಶಫಿ ಸಾಹೇಬರು. ಅದೇ ಟೂಲ್ ರೂಮಿನಲ್ಲಿ ವೆಂಕಟಾಚಲರ ಪಕ್ಕದ ಲೇತಿನ ಮೇಲೆ ದುಡಿದವರು. ಈಗಲೂ ಭಾನುವಾರ ಬಂತೆಂದರೆ ಶಿವಾಜಿನಗರದಿಂದ ಬಸ್ಸು ಹತ್ತಿ ಈ ಉಪದೇಶ ಕೇಳಲು ಬರುತ್ತಿದ್ದರು. “ಮರ್ದ್ ಅಂದ್ರೆ ನೀನು ಗುರು, ನಾವೆಲ್ಲ ಬರೀ ಲೆಕ್ಕಕ್ಕೆ,” ಎಂದು ಅವರು ನಿಟ್ಟುಸಿರು ಬಿಟ್ಟಾಗ ವೆಂಕಟಾಚಲರು ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಮನೆಗೆ ಹೊರಡುತ್ತಿದ್ದರು.

(ನಿಜ ಸಂಗತಿಯೇ ಬೇರೆ. ಬಚ್ಚಿಟ್ಟರೆ ನನಗೆ ತಿಂದ ಅನ್ನ ಅರಗುವುದಿಲ್ಲ, ಹೇಳಿಬಿಡುತ್ತೇನೆ.) ಪ್ರತಿ ವರ್ಷ ಬಿಸಿಲು ಬಲಿತ ಕೂಡಲೇ ಆ ಮನೆಯ ತಾರಸಿಯ ಮೇಲೆ ಶಾವಿಗೆ ಒತ್ತುವ ಕೆಲಸ ಶುರುವಾಗುತ್ತದೆ. ಬೆಂಚಿಗೆ ಬಿಗಿದ ಕಬ್ಬಿಣದ ಮಷಿನ್ನು. ಅದರ ಬಾಯಿಗೆ ಒಬ್ಬರು ನಾದಿದ ಹಿಟ್ಟು ತುಂಬಬೇಕು, ಇನ್ನೊಬ್ಬರು ಹಿಡಿ ತಿರುಗಿಸಬೇಕು. ಆಗ ದಾರದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ ಶಾವಿಗೆ. ಹಿಟ್ಟು ತುಂಬುವವರು ಶ್ರೀಮತಿ ರಮಾಮಣಿಯವರು. ಹಿಡಿ ತಿರುಗಿಸುವವರು ಯಾರು? ಸಾಕ್ಷಾತ್ ಶ್ರೀಮಾನ್ ವೆಂಕಟಾಚಲರೇ! ಬನಿಯನ್ನಿನಲ್ಲಿ, ಬೆವರು ಸುರಿಸುತ್ತ, ಸುತ್ತಲೂ ಹಗ್ಗದ ಮೇಲೆ ಒದ್ದೆ ಬೆಡ್‌ಶೀಟುಗಳನ್ನು ಹರವಿಸಿಕೊಂಡು, ಅದರ ಮರೆಯಲ್ಲಿ. ಈ ಮನೆಯವರು ಬೇಸಿಗೆಯಲ್ಲಿ ಯಾಕೆ ಇಷ್ಟೊಂದು ಬೆಡ್‌ಶೀಟು ಒಗೆಯುತ್ತಾರೆ ಎಂದು ಎದುರುಮನೆಯವರಿಗೆ ಇಂದಿಗೂ ಅರ್ಥವಾಗಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಒಂದು ಸಂಜೆ ರಮಾಮಣಿಯವರು ಬಡಾವಣೆ ಸಂಘದ ಮೀಟಿಂಗ್ ಮುಗಿಸಿಕೊಂಡು, ಮುಖ ಅರಳಿಸಿಕೊಂಡು ಬಂದರು.

“ರೀ, ಪಾರ್ಕಲ್ಲಿ ಕೈಕಸುಬಿನ ಹಬ್ಬ ಮಾಡ್ತಾರಂತೆ. ಬುಟ್ಟಿ ಹೆಣೆಯೋರು, ಮಡಕೆ ಮಾಡೋರು, ಜರಿ ಕೆಲಸದೋರು, ಎಲ್ಲಾ ಬರ್ತಾರಂತೆ. ನಾನೂ ಒಂದು ಅಂಗಡಿ ಹಾಕ್ತೀನಿ ಅಂತ ಹೆಸರು ಕೊಟ್ಬಂದೆ.”

“ಭೇಷ್! ಏನು ಮಾರ್ತೀಯ?”

“ಶಾವಿಗೆ. ಬರೀ ಮಾರೋದಲ್ಲ ರೀ, ಬಂದವರ ಎದುರಿಗೇ ಒತ್ತಿ ತೋರಿಸ್ಬೇಕು. ನಮ್ಮ ಸಂಘದ ಸೆಕ್ರೆಟರಿ ಸುಕನ್ಯ ಮೇಡಂ ರೂಲ್ಸು.”

“ಒತ್ತು, ಒತ್ತು. ಚೆನ್ನಾಗಿರುತ್ತೆ,” ಎಂದು ವೆಂಕಟಾಚಲರು ಪೇಪರಿನ ಹಾಳೆ ಮಗುಚಿದರು.

“ಒತ್ತು ಅಂದ್ರೆ? ನನ್ನ ಭುಜ ಹಿಡ್ಕೊಂಡು ಕೂತಿದೆ. ಜಡೆ ಹಾಕ್ಕೊಳ್ಳೋಕೆ ಕೈ ಎತ್ತಕ್ಕಾಗ್ತಿಲ್ಲ. ಹಿಡಿ ನೀವೇ ತಾನೇ ತಿರುಗ್ಸೋದು?”

ಪೇಪರು ಕೆಳಗಿಳಿಯಿತು. ಅದರ ಹಿಂದಿದ್ದ ಮುಖ ಸುಣ್ಣದ ಗೋಡೆಯಾಗಿತ್ತು. ಪಾರ್ಕು! ಕಲ್ಲುಬೆಂಚಿನ ಎದುರಿಗೇ! ವಾಕಿಂಗ್ ಬಳಗದ ಸಮಕ್ಷಮದಲ್ಲಿ ಹೆಂಡತಿಯ ಪಕ್ಕ ಕೂತು ಶಾವಿಗೆ ಮಷಿನ್ನು ತಿರುಗಿಸುವುದೇ?

“ನಿನಗೇನು ತಲೆಗಿಲೆ ಕೆಟ್ಟಿದೆಯಾ? ಸಾಧ್ಯವೇ ಇಲ್ಲ!”

“ಯಾಕೆ ಸಾಧ್ಯವಿಲ್ಲ? ಮೇಲ್ಗಡೆ ತಿರುಗ್ಸಲ್ವಾ?”

“ಮೇಲ್ಗಡೆ ಬೇರೆ, ಪಾರ್ಕು ಬೇರೆ.”

“ಮಷಿನ್ನು ಅದೇ, ಹಿಟ್ಟು ಅದೇ, ಗಂಡ ಅದೇ. ಬೇರೆ ಏನು ಬಂತು? ಬೆಡ್‌ಶೀಟ್ ತಾನೇ? ಬೇಕಾದ್ರೆ ಅದನ್ನೂ ತರ್ತೀನಿ, ಹೊದ್ಕೊಂಡು ತಿರುಗ್ಸಿ!”

ಮಾತಿಗೆ ಮಾತು ಬೆಳೆಯಿತು. ಅವರ ತೌರುಮನೆ, ಇವರ ಕಾರ್ಖಾನೆ, ಅವರ ಗೊಜ್ಜಿನ ಉಪ್ಪು, ಇವರ ಗೊರಕೆ ಎಲ್ಲವೂ ನಡುವೆ ಬಂದು ಹೋದವು. ಕೊನೆಗೆ ರಮಾಮಣಿಯವರು ಒಳಗೆ ಹೋಗಿ ಒಂದು ಬೋರ್ಡು ತಂದು ಸೋಫಾಕ್ಕೆ ಆನಿಸಿ ನಿಲ್ಲಿಸಿದರು. ಹಲಸೂರಿನ ಪೇಂಟರ್ ಕೈಲಿ ಹಳದಿ ಅಕ್ಷರದಲ್ಲಿ ಬರೆಸಿದ್ದರು, ‘ರಮಾಮಣಿಯವರ ಕೈಶಾವಿಗೆ’ ಎಂದು.

“ಮದುವೆ ಪತ್ರಿಕೆ ಬಿಟ್ರೆ ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ, ಯಾವ ಬೋರ್ಡ್ ಮೇಲೂ ಬಂದಿಲ್ಲ. ಮನೆ ಗೇಟಲ್ಲೂ ನಿಮ್ಮದೇ,” ಅಂದರು. ದನಿಯಲ್ಲಿ ಜಗಳವಿರಲಿಲ್ಲ. “ನೀವು ಬರದಿದ್ರೆ ಬಿಡಿ. ಬೆಳಿಗ್ಗೆ ಹೋಗಿ ಹೆಸರು ತೆಗೆಸಿ ಬರ್ತೀನಿ.”

ಬೈದಿದ್ದರೆ ವೆಂಕಟಾಚಲರು ತಡೆದುಕೊಳ್ಳುತ್ತಿದ್ದರು. ಹೆಂಡತಿ ಸುಮ್ಮನಾದದ್ದು ಅವರಿಗೆ ಸಹಿಸಲಾಗಲಿಲ್ಲ. ಮನಸ್ಸು ಚುರ್ ಎಂದಿತು. ಬೋರ್ಡೂ ಉಳಿಯಬೇಕು, ಮೀಸೆಯೂ ಉಳಿಯಬೇಕು, ಏನು ಮಾಡುವುದು ಎಂದು ಯೋಚಿಸುತ್ತ ಕೂತವರಿಗೆ ಊಟದ ಹೊತ್ತಿಗೆ ಒಂದು ದಿವ್ಯಜ್ಞಾನ ಹೊಳೆಯಿತು. ತಾವು ಯಾರು? ಟೂಲ್ ರೂಮಿನ ಫೋರ್‌ಮನ್! ವಿಮಾನಕ್ಕೇ ಕೀಲು ಜೋಡಿಸಿದವರಿಗೆ ಶಾವಿಗೆ ಯಾವ ಲೆಕ್ಕ?

“ಹೆಸರು ತೆಗೆಸ್ಬೇಡ ಕಣೇ. ಬೆರಳು ಮುಟ್ಟಿಸಿದ್ರೆ ತಿರುಗೋ ಹಾಗೆ ಮಷಿನ್ನಿಗೆ ಒಂದು ಗೇರು ಕೂರಿಸ್ಕೊಡ್ತೀನಿ. ನಿನ್ನ ಭುಜಕ್ಕೆ ಗೊತ್ತೇ ಆಗಲ್ಲ.”

“ಗೇರು ತಾನೇ? ಇನ್ನೇನೂ ಇಲ್ಲ ತಾನೇ?” ಎಂದು ರಮಾಮಣಿಯವರು ಕಣ್ಣು ಕಿರಿದು ಮಾಡಿ ಕೇಳಿದರು. “ಸುಕನ್ಯ ಮೇಡಂ ಖಡಕ್ಕಾಗಿ ಹೇಳಿದಾರೆ. ಕರೆಂಟು, ಬ್ಯಾಟರಿ, ಮೋಟರು ಏನು ಸಿಕ್ಕಿದ್ರೂ ಅಂಗಡಿ ಬಂದ್, ಬೋರ್ಡು ಕೆಳಗೆ.”

“ಛೆ ಛೆ! ಬರೀ ಗೇರು!” ಎಂದು ವೆಂಕಟಾಚಲರು ಅನ್ನ ಕಲಸಿದರು.

ಮಾರನೆಯ ದಿನವೇ ಶಿವಾಜಿನಗರದ ಗುಜರಿ ಅಂಗಡಿಗಳ ಬೀದಿಯಲ್ಲಿ, ಚಾಂದ್ ಪಾಷಾನ ಅಂಗಡಿಯ ಮುಂದೆ ಅವರು ಹಾಜರಾಗಿದ್ದರು. ಬಿಚ್ಚಿ ಗುಡ್ಡೆ ಹಾಕಿದ ಗಾಡಿ ಸಾಮಾನಿನ ನಡುವೆ ಕೈಯಾಡಿಸಿ ಚಾಂದ್ ಪಾಷಾ ಒಂದು ಮೋಟರು ಎತ್ತಿಕೊಟ್ಟ.

“ಲಾರಿ ವೈಪರ್‌ದು ಸಾರ್. ಎಂಥಾ ಮಳೆ ಬಂದ್ರೂ ನಿಲ್ಲಲ್ಲ. ನಿಮ್ದು ಲಾರಿ ಎಲ್ಲಿ ನಿಲ್ಸಿದೀರಾ?”

“ಲಾರಿ ಇಲ್ಲಪ್ಪಾ. ಒಂದು ಪ್ರಯೋಗಕ್ಕೆ.”

“ಪ್ರಯೋಗ ಆದ್ರೆ ವಾಪಸ್ ತಗೊಳಲ್ಲ ಸಾರ್,” ಎಂದು ಚಾಂದ್ ಪಾಷಾ ಮೊದಲೇ ಹೇಳಿಬಿಟ್ಟ.

ಮೋಟರು ಬಂತು. ಹಳೇ ಸೈಕಲ್ಲಿನ ಪೆಡಲ್ಲು, ಹಲ್ಲಿನ ಚಕ್ರ, ಚೈನು ಬಂದವು. ಎರಡು ಬ್ಯಾಟರಿ ಬಂದವು. ರಮಾಮಣಿಯವರು ಫಿಸಿಯೋಥೆರಪಿಗೆಂದು ದೊಮ್ಮಲೂರಿಗೆ ಹೋದಾಗಲೆಲ್ಲ ತಾರಸಿಯ ಮೇಲೆ ಕೆಲಸ ನಡೆಯಿತು. ಮಷಿನ್ನನ್ನು ಬೆಂಚಿನಿಂದ ಬಿಚ್ಚಿ ಒಂದು ಮೇಜಿಗೆ ಬಿಗಿದರು. ಅದರ ಹಿಂದೆ ಒಂದು ಮರದ ಪೆಟ್ಟಿಗೆ. ಅದರೊಳಗಿಂದ ಚೈನು ಮೇಜಿನ ಕೆಳಗಿಳಿದು ಚಕ್ರಕ್ಕೆ, ಅಲ್ಲಿಂದ ಮೋಟರಿಗೆ. ಮೋಟರಿನಿಂದ ಒಂದು ತೆಳು ವೈರು, ಅದರ ತುದಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಯಾವುದೂ ಕಾಣದ ಹಾಗೆ ಮೇಜಿನ ಸುತ್ತ ನೆಲದ ತನಕ ಬಟ್ಟೆ. ತಾವು ದೂರದಲ್ಲಿ ಕುರ್ಚಿ ಹಾಕಿಕೊಂಡು ದೊಡ್ಡಮನುಷ್ಯರ ಹಾಗೆ ಕೂತಿರುವುದು, ಹೆಂಡತಿ ಹಿಡಿಗೆ ಬೆರಳಿಟ್ಟ ಕೂಡಲೇ ಸ್ವಿಚ್ಚು ಒತ್ತುವುದು. ಪರೀಕ್ಷೆ ಮಾಡಿ ನೋಡಿದಾಗ ಹಿಡಿ ಬೆಣ್ಣೆಯ ಹಾಗೆ ತಿರುಗಿತು. (ಹಿಟ್ಟು ಹಾಕದೆ ಪರೀಕ್ಷೆ ಮಾಡಿದ್ದರು ಎಂಬುದನ್ನು ಇಲ್ಲಿ ವಿಷಾದದಿಂದ ದಾಖಲಿಸುತ್ತೇನೆ.)

ಹಬ್ಬದ ಭಾನುವಾರ ಬಂದೇ ಬಂತು. ಪಾರ್ಕಿನ ತುಂಬ ಅಂಗಡಿಗಳು. ಕೆ.ಆರ್. ಪುರದ ಕಡೆಯಿಂದ ಬಂದ ಬುಟ್ಟಿಯವರು, ಮಣ್ಣು ಮೆತ್ತಿದ ಕೈಗಳ ಕುಂಬಾರರು, ಮರದ ಬೊಂಬೆಯವರು. ಮೈಕು ಹಿಡಿದ ಸುಕನ್ಯ ಮೇಡಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತ ಸೊಟ್ಟಗಿದ್ದ ಬೋರ್ಡುಗಳನ್ನು ನೆಟ್ಟಗೆ ಮಾಡುತ್ತಿದ್ದರು. ಎಲ್ಲರೂ ಸಾಂಪ್ರದಾಯಿಕ ಉಡುಗೆಯಲ್ಲಿ ಬರಬೇಕೆಂಬ ಅವರ ಅಪ್ಪಣೆಯಂತೆ ವೆಂಕಟಾಚಲರು ಗರಿಗರಿಯಾದ ಜರಿ ಪಂಚೆ ಉಟ್ಟು, ಬನಿಯನ್ನಿನ ಮೇಲೆ ಶಲ್ಯ ಹೊದ್ದು, ಹೆಂಡತಿಯ ಅಂಗಡಿಯಿಂದ ಅಷ್ಟು ದೂರದಲ್ಲಿ ಕುರ್ಚಿಯ ಮೇಲೆ ವಿರಾಜಮಾನರಾಗಿದ್ದರು. ಪಕ್ಕದಲ್ಲಿ ಶಫಿ ಸಾಹೇಬರು. ಅವರ ಬೇಗಂ ಜಹನಾರಾ ಅವರದ್ದೂ ಅಲ್ಲೇ ಒಂದು ಅಂಗಡಿ ಇತ್ತು, ಕೈಯಲ್ಲಿ ಜರಿ ಹೂವು ಕೂರಿಸಿದ ದುಪಟ್ಟಾಗಳದ್ದು, ರಮಾಮಣಿಯವರ ಮೇಜಿಗೆ ಅಂಟಿಕೊಂಡೇ.

“ಏನ್ ಗುರು, ಬಾಬಿಗೆ ಸಹಾಯ ಮಾಡಲ್ವಾ?” ಶಫಿ ಕೇಳಿದರು.

“ಸಹಾಯ? ನಾನಾ?” ವೆಂಕಟಾಚಲರು ನಕ್ಕರು. “ಹೆಂಗಸರ ವ್ಯವಹಾರ. ನೋಡೋದಕ್ಕೆ ಬಂದಿದೀನಿ ಅನ್ನೋದೇ ದೊಡ್ಡದು.”

“ವಾಹ್! ಮರ್ದ್,” ಎಂದು ಶಫಿ ಎದ್ದು ಕಬ್ಬಿನ ಹಾಲು ತರಲು ಹೋದರು.

ಜನ ಸೇರಿದರು. ರಮಾಮಣಿಯವರು ಹಿಟ್ಟು ತುಂಬಿ, ದೇವರನ್ನು ನೆನೆದು, ಹಿಡಿಗೆ ಬೆರಳಿಟ್ಟರು. ವೆಂಕಟಾಚಲರು ಶಲ್ಯದೊಳಗೆ ಸ್ವಿಚ್ಚು ಒತ್ತಿದರು. ಗರ್ರ್ ಎಂದು ಹಿಡಿ ತಿರುಗಿತು, ಶಾವಿಗೆ ಇಳಿಯಿತು. ರಮಾಮಣಿಯವರ ಮುಖ ನೋಡಬೇಕಿತ್ತು! “ಅಯ್ಯೋ, ನಮ್ಮನೆಯವರು ಗೇರು ಕೂರಿಸಿದಾರೆ, ಹೂವಿನ ಹಾಗಿದೆ ಕಣ್ರೀ!” ಎಂದು ಸುತ್ತಲಿನವರಿಗೆ ಹೇಳಿಕೊಂಡರು. ಭುಜ ಹಿಡಿದುಕೊಂಡ ಹೆಂಗಸು ಒಂದೇ ಬೆರಳಲ್ಲಿ ಶಾವಿಗೆ ಒತ್ತುವುದನ್ನು ಕಂಡು ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಮೊದಲ ಒಬ್ಬೆ ಮುಗಿಯುತ್ತ ಬಂತು. ವೆಂಕಟಾಚಲರು ಸ್ವಿಚ್ಚಿನಿಂದ ಬೆರಳು ತೆಗೆದರು. ಮಷಿನ್ನು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿ ತೆಗೆದರು, ನಿಲ್ಲಲಿಲ್ಲ. ಲಾರಿಯ ಮೋಟರು ಎಳೆದ ಕರೆಂಟಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಒಳಗೊಳಗೇ ಬೆಸೆದು ಹೋಗಿತ್ತು. ಅತ್ತ ರಮಾಮಣಿಯವರು ಜಾರಿದ ಸೆರಗು ಸರಿಮಾಡಿಕೊಳ್ಳಲು ಹಿಡಿಯಿಂದ ಕೈ ತೆಗೆದರು. ಹಿಡಿ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು!

“ಯಾ ಅಲ್ಲಾ!” ಎಂದು ಪಕ್ಕದಲ್ಲಿ ಜಹನಾರಾ ಕೂಗಿದರು.

ರಮಾಮಣಿಯವರ ಮುಖದಲ್ಲಿ ರಕ್ತವೇ ಇಲ್ಲ. ಆದರೂ ಗಟ್ಟಿಗಿತ್ತಿ, ಥಟ್ಟನೆ ಹಿಡಿಯ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಹಿಟ್ಟು ತುಂಬುತ್ತ, ತಾನೇ ತಿರುಗಿಸುತ್ತಿರುವವರ ಹಾಗೆ ಮೈ ತೂಗತೊಡಗಿದರು. ಶಾವಿಗೆ ಸುರಿಯಿತು. ತಟ್ಟೆ ತುಂಬಿತು, ಮೇಜು ತುಂಬಿತು, ಅಂಚಿನಿಂದ ಜೋತು ಹುಲ್ಲಿನ ಮೇಲಿಳಿಯಿತು. ಬೀದಿನಾಯಿಯೊಂದು ಬಂದು ಮೂಸಿ, ಹೆದರಿ, ಓಡಿಹೋಯಿತು.

“ನನ್ನ ಬೀಗದ ಕೈ ಬಿತ್ತು, ಬೀಗದ ಕೈ!” ಎಂದು ಯಾರೂ ಕೇಳದಿದ್ದರೂ ಕೂಗುತ್ತ ವೆಂಕಟಾಚಲರು ಶಲ್ಯ, ಸ್ವಿಚ್ಚು ಎರಡನ್ನೂ ಕುರ್ಚಿಯ ಮೇಲೆ ಬಿಸಾಕಿ ಓಡಿಬಂದು, ಮೇಜಿನ ಸುತ್ತ ಇಳಿಬಿಟ್ಟಿದ್ದ ಬಟ್ಟೆಯೊಳಗೆ ನುಗ್ಗಿದರು. ಬ್ಯಾಟರಿಯ ವೈರಿಗೆ ಕೈ ಹಾಕಿದರು. ಅಷ್ಟರಲ್ಲಿ ಪಂಚೆಯ ತುದಿ ಚಕ್ರದ ಹಲ್ಲಿಗೆ ಸಿಕ್ಕಿತು. ಎಳೆದರು. ಅದೂ ಎಳೆಯಿತು. ಲಾರಿ ವೈಪರಿನ ಎದುರು ನಿವೃತ್ತ ಫೋರ್‌ಮನ್ನಿನ ಬಲ ಎಷ್ಟೆಂದು ನಡೆಯುತ್ತದೆ? ಜರಿ ಪಂಚೆ ಪೂರಾ ಬಿಚ್ಚಿ ಚಕ್ರಕ್ಕೆ ಸುತ್ತಿಕೊಂಡಿತು. ಮೋಟರು ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಪ್ರಾಣ ಬಿಟ್ಟಿತು.

ಮೇಜಿನ ಮೇಲೆ ಮಷಿನ್ನು ನಿಂತಿತು. ಮೇಜಿನ ಕೆಳಗೆ ವೆಂಕಟಾಚಲರು ಪಟ್ಟಾಪಟ್ಟಿ ಚಡ್ಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು.

“ಏನೋ ಸುಟ್ಟ ವಾಸನೆ?” ಯಾರೋ ಕೇಳಿದರು.

“ಆ ಕಡೆ ಜೋಳ ಸುಡ್ತಿದಾರೆ,” ಎಂದು ರಮಾಮಣಿಯವರು ಹೇಳಿ, ಹಿಟ್ಟಿನ ಪಾತ್ರೆ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಬಟ್ಟೆ ಸರಿಸಿದರು. ಗಂಡನನ್ನು ನೋಡಿದರು, ಮೋಟರನ್ನು ನೋಡಿದರು, ಬ್ಯಾಟರಿ ನೋಡಿದರು. ಕೊನೆಗೆ ಪಂಚೆ ನೋಡಿದರು.

“ಇದಾ ಗೇರು?” ಪಿಸುಗುಟ್ಟಿದರು. ಕೂಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ರಮಾ, ಸ್ವಲ್ಪ ಮನೆಗೆ ಹೋಗಿ ಒಂದು ಪ್ಯಾಂಟು...”

“ಪ್ಯಾಂಟು? ಜನ ನಿಂತಿದಾರೆ, ಸುಕನ್ಯ ಮೇಡಂ ಈ ಕಡೆಗೇ ಬರ್ತಿದಾರೆ. ನನ್ನ ಹೆಸರು ಬೋರ್ಡ್ ಮೇಲಿದೆ. ಅದೇನೋ ಪೆಡಲ್ ಇದೆಯಲ್ಲ, ತಿರುಗ್ಸಿ! ಮಾಡಿದ್ದುಣ್ಣೋ ಮಹಾರಾಯ!”

ಬಟ್ಟೆ ಮುಚ್ಚಿತು. ಬೇರೆ ದಾರಿಯಿರಲಿಲ್ಲ. ವೆಂಕಟಾಚಲರು ಸತ್ತ ಮೋಟರನ್ನು ಕಳಚಿ ಪಕ್ಕಕ್ಕಿಟ್ಟು, ಪಂಚೆಯ ಅವಶೇಷಗಳನ್ನು ಚಕ್ರದಿಂದ ಬಿಡಿಸಿ, ಸೈಕಲ್ ಪೆಡಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದರು. ಮೇಲೆ ಹಿಡಿ ತಿರುಗಿತು. ಶಾವಿಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಒಂದಾದ ಮೇಲೆ ಒಂದು ಒಬ್ಬೆ. ಮಂಡಿ ಮರಗಟ್ಟಿತು, ತಲೆ ಮೇಜಿನ ಹಲಗೆಗೆ ತಗುಲಿ ತಗುಲಿ ಬುಗುಟೆ ಎದ್ದಿತು. ಅಷ್ಟರಲ್ಲಿ ಬಟ್ಟೆಯಾಚೆಯಿಂದ ಕಬ್ಬಿನ ಹಾಲಿನ ಲೋಟಗಳ ಸಮೇತ ಶಫಿಯ ದನಿ ಕೇಳಿಸಿತು.

“ಬಾಬಿ, ವೆಂಕಟಾಚಲ ಎಲ್ಲಿ?”

“ಮನೆಗೆ ಹೋದ್ರು. ಮರ್ಯಾದೆ ಮರೆತು ಬಂದಿದ್ರಂತೆ, ತರೋದಕ್ಕೆ,” ಎಂದು ರಮಾಮಣಿಯವರು ಹೇಳಿ ಮೇಜಿನ ಕಾಲನ್ನು ಒದ್ದರು. ಅದು ಬೇಗ ತಿರುಗಿಸಿ ಎಂಬುದರ ಸಂಕೇತ.

“ಹೋಗ್ತಾನೆ ಬಿಡಿ. ಅಂಥಾ ಗಂಡಸು ಇಲ್ಲೆಲ್ಲಾ ನಿಲ್ತಾನಾ?” ಶಫಿ ಸುತ್ತಲಿದ್ದ ವಾಕಿಂಗ್ ಬಳಗದವರಿಗೆ ಹೇಳತೊಡಗಿದರು. “ಫ್ಯಾಕ್ಟರೀಲೂ ಹಂಗೇ. ತಲೆ ಬಗ್ಗಿಸ್ದೋನಲ್ಲ!”

ತಲೆ ಬಗ್ಗಿಸಿಕೊಂಡೇ ವೆಂಕಟಾಚಲರು ಪೆಡಲು ತಿರುಗಿಸಿದರು.

ಈ ಕಡೆ ಜಹನಾರಾ ಬಂದು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು. “ಅಕ್ಕಾ, ಮೊದಲನೇದು ಒರಟು ಒರಟಾಗಿ ಬಂತು. ಇದು ನೋಡಿ, ರೇಷ್ಮೆ! ಈದ್ ದಿನದ ಶೀರ್ ಖುರ್ಮಾಗೆ ನಂಗೆ ಇಂಥದ್ದೇ ಬೇಕು. ಅಂಗಡಿದು ನಕ್ಕೋ ಜೀ, ಹಾಲಲ್ಲಿ ಹಾಕಿದ್ರೆ ಗಂಜಿ ಆಗೋಗ್ತದೆ.”

ರಮಾಮಣಿಯವರು ಹಿಗ್ಗಿ ಹೀರೇಕಾಯಿಯಾದರು. ಅದೇ ಗಳಿಗೆಗೆ ಸುಕನ್ಯ ಮೇಡಂ ಫೋಟೋದವರನ್ನು ಕರೆದುಕೊಂಡು ಬಂದರು.

“ರಮಾಮಣಿಯವರೇ, ನಿಮ್ಮ ಅಂಗಡಿ ಮುಂದೇನೇ ಜಾಸ್ತಿ ಜನ! ಒಂದು ಫೋಟೋ ತೆಗೀಲಿ. ಅಯ್ಯೋ, ಈ ಬಟ್ಟೆ ಯಾಕೆ ಸೊಟ್ಟಗಿದೆ?” ಎಂದವರೇ ಮೇಜಿನ ಬಟ್ಟೆಯನ್ನು ಹಿಡಿದು ನೆಟ್ಟಗೆ ಎಳೆದರು.

ಬಟ್ಟೆ ಪೂರ್ತಿ ಕಳಚಿ ಅವರ ಕೈಗೆ ಬಂತು.

ಪಾರ್ಕಿಗೆ ಪಾರ್ಕೇ ಇತ್ತ ತಿರುಗಿತು. ಬೆವರಿನಲ್ಲಿ ತೊಯ್ದ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ತಲೆಯ ಮೇಲಿಂದ ಕಿವಿಯ ತನಕ ಜೋತ ಶಾವಿಗೆ, ಕೈಯಲ್ಲಿ ಸೈಕಲ್ ಪೆಡಲು. ಫೋಟೋದವನು ಹಾಳಾದವನು, ಟಕಟಕ ಎಂದು ತೆಗೆದೇ ತೆಗೆದ. ಶಫಿಯ ಕೈಯಿಂದ ಕಬ್ಬಿನ ಹಾಲಿನ ಲೋಟ ಜಾರಿಬಿತ್ತು.

“ಗುರು?” ಎಂದರು ಶಫಿ.

ಸುಕನ್ಯ ಮೇಡಂ ಮಾತ್ರ ವೆಂಕಟಾಚಲರನ್ನು ನೋಡಲಿಲ್ಲ. ಅವರ ಕಣ್ಣು ಮೋಟರು, ಬ್ಯಾಟರಿಗಳ ಮೇಲಿತ್ತು. “ಮೋಟರು! ಕೈಕಸುಬಿನ ಹಬ್ಬದಲ್ಲಿ ಮೋಟರು! ರಮಾಮಣಿಯವರೇ, ನಿಮ್ಮಿಂದ ಇದನ್ನ ಎದುರು ನೋಡಿರ್ಲಿಲ್ಲ,” ಎಂದು ಬೋರ್ಡಿಗೆ ಕೈ ಹಾಕಿದರು.

ರಮಾಮಣಿಯವರು ಇಕ್ಕಟ್ಟಿಗೆ ಸಿಕ್ಕರು. ನನಗೆ ಗೊತ್ತಿರಲಿಲ್ಲ ಎಂದರೆ ಗಂಡನ ಮೇಲೆ ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ ತಾನೇ ಮೋಸಗಾತಿಯಾಗಬೇಕಾಗುತ್ತದೆ. ಕಣ್ಣು ತುಂಬಿಕೊಂಡು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟರು. ವೆಂಕಟಾಚಲರು ಪೆಡಲು ಬಿಟ್ಟು ಕತ್ತು ಹೊರಳಿಸಿ ನೋಡಿದರು. ಒಂದು ಕಡೆ ಹಳದಿ ಅಕ್ಷರದ ಬೋರ್ಡು, ಇನ್ನೊಂದು ಕಡೆ ಬಾಯಿ ತೆರೆದು ನಿಂತ ವಾಕಿಂಗ್ ಬಳಗ.

“ಬೋರ್ಡ್ ಮುಟ್ಬೇಡಿ ಮೇಡಂ!” ಎಂದು ಅವರು ಮೇಜಿನ ಕೆಳಗಿಂದಲೇ ಗುಡುಗಿದರು. (ಹಳೆಯ ಫೋರ್‌ಮನ್ ದನಿ. ಬೊಂಬೆಯವರೂ ತಿರುಗಿ ನೋಡಿದರು.) “ಮೋಟರು ನನ್ನದು. ಅವಳಿಗೆ ಗೊತ್ತೇ ಇರ್ಲಿಲ್ಲ. ಅದು ಮೊದಲನೇ ಒಬ್ಬೆಗೇ ಸುಟ್ಟುಹೋಯ್ತು. ಆಮೇಲೆ ಒತ್ತಿದ್ದೆಲ್ಲಾ ನಾನು, ಈ ಕೈಯಲ್ಲಿ. ಇವತ್ತೊಂದೇ ದಿನ ಅಲ್ಲ, ಪ್ರತಿ ವರ್ಷ ತಾರಸಿ ಮೇಲೆ ನಾನೇ ತಿರುಗ್ಸೋದು, ಬೆಡ್‌ಶೀಟ್ ಮರೇಲಿ!”

ಅಂದ ಮೇಲೆ ಅವರಿಗೇ ದಿಗಿಲಾಯಿತು. ಆದರೆ ಸುಕನ್ಯ ಮೇಡಂ ಬಿಡುವವರಲ್ಲ.

“ಬಾಯಲ್ಲಿ ಹೇಳಿದ್ರೆ ಆಯ್ತಾ ಸಾರ್? ಚೈನು ತೆಗೆದು, ಮೇಲೆ ಬಂದು, ಎಲ್ಲರ ಎದುರಿಗೆ ತಿರುಗ್ಸಿ ತೋರ್ಸಿ. ಆಗ ಬೋರ್ಡು ಇರುತ್ತೆ.”

ಮೇಲೆ ಬರುವುದು ಹೇಗೆ? ಜಹನಾರಾ ತಮ್ಮ ಅಂಗಡಿಯಿಂದ ಒಂದು ದುಪಟ್ಟಾ ಎತ್ತಿ ಮುಖ ಆಚೆ ತಿರುಗಿಸಿಕೊಂಡು ಮೇಜಿನ ಕೆಳಗೆ ಚಾಚಿದರು. “ತಗೊಳ್ಳಿ ಭಾಯ್ ಸಾಬ್, ಸುತ್ಕೊಳ್ಳಿ.” ಹೀಗೆ ಗುಲಾಬಿ ಬಣ್ಣದ, ಜರಿ ಹೂವಿನ ದುಪಟ್ಟಾವನ್ನು ಪಂಚೆಯಾಗಿ ಸುತ್ತಿಕೊಂಡು, ಶಾವಿಗೆಯ ಬಾಸಿಂಗ ಕಟ್ಟಿದ ಮದುಮಗನಂತೆ ವೆಂಕಟಾಚಲರು ಪ್ರಕಟವಾದರು. ಮೇಜಿನ ಹಿಂದೆ ಸ್ಟೂಲಿನ ಮೇಲೆ ಹೆಂಡತಿಯ ಪಕ್ಕ ಕೂತರು. ಹಿಡಿ ಹಿಡಿದರು. ತಿರುಗಿಸಿದರು. ರಮಾಮಣಿಯವರು ಹಿಟ್ಟು ತುಂಬುತ್ತಾ ಹೋದರು. ಗಂಡ ತಿರುಗಿಸುವ ಹದ, ಹೆಂಡತಿ ತುಂಬುವ ಹದ ಎಷ್ಟು ಕೂಡಿ ಬಂದಿತ್ತೆಂದರೆ, ಇವತ್ತು ನಿನ್ನೆಯ ಜೊತೆಯಲ್ಲ ಇದು ಎಂದು ಯಾರೂ ಹೇಳದೆಯೇ ಎಲ್ಲರಿಗೂ ತಿಳಿಯಿತು. ಸುಕನ್ಯ ಮೇಡಂ ಬೋರ್ಡಿನಿಂದ ಕೈ ತೆಗೆದು, ಅದು ಸ್ವಲ್ಪ ವಾಲಿದ್ದನ್ನು ನೆಟ್ಟಗೆ ಮಾಡಿದರು.

ಈಗ ಶಫಿ ನಗುತ್ತಾರೆ, ಬಳಗವೆಲ್ಲ ನಗುತ್ತದೆ, ತಮ್ಮ ಕಥೆ ಮುಗಿಯಿತು ಎಂದುಕೊಂಡು ವೆಂಕಟಾಚ‌ಲರು ತಲೆಯೆತ್ತಿದರು. ಶಫಿ ನಗುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

“ಇಷ್ಟು ವರ್ಷ! ಇಷ್ಟು ವರ್ಷ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಗುರು?”

“ಏನಂತ ಹೇಳ್ಲೋ?”

ಉತ್ತರ ಕೊಟ್ಟವರು ಜಹನಾರಾ. “ನಮ್ಮನೇಲೂ ಇವ್ರೇ ತಿರುಗ್ಸೋದು ಭಾಯ್ ಸಾಬ್! ರಂಜಾನ್ ಬಂದ್ರೆ ಮಂಚಕ್ಕೆ ಮಷಿನ್ ಕಟ್ಕೊಂಡು, ಬಾಗಿಲಿಗೆ ಚಿಲಕ ಹಾಕ್ಕೊಂಡು ಕೂತ್ಕೋತಾರೆ. ವೆಂಕಟಾಚಲನಿಗೆ ಗೊತ್ತಾದ್ರೆ ಮುಖ ಎತ್ತಿ ನಡ್ಯೋಕೆ ಆಗಲ್ಲ, ಯಾರ್ಗೂ ಹೇಳ್ಬೇಡ ಅಂತ ನನ್ ಹತ್ರ ಕಸಂ ತಗೊಂಡಿದ್ರು. ಈ ಸಲ ಸೊಂಟ ಹಿಡ್ಕೊಂಡಿದೆ, ಆಗಲ್ಲ ಅಂತಾವ್ರೆ.”

ವೆಂಕಟಾಚಲರಿಗೆ ಬರಸಿಡಿಲು ಬಡಿದಂತಾಯಿತು. ಅವರು ಬಳಗದ ಉಳಿದವರ ಕಡೆ ನೋಡಿದರು. ಒಬ್ಬರು ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಒಬ್ಬರು ಆಕಾಶ ನೋಡುತ್ತಿದ್ದರು. ಒಬ್ಬರಂತೂ, “ಹಿಟ್ಟು ನಾದೋದು ಅಡುಗೆ ಲೆಕ್ಕಕ್ಕೆ ಬರಲ್ಲ ಬಿಡಿ,” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಹಾಗಾದರೆ ಕಲ್ಲುಬೆಂಚಿನ ಮೇಲೆ ಕೂತು ತಾವು ಉಪದೇಶ ಮಾಡಿದ್ದು ಯಾರಿಗೆ?

ಅಷ್ಟರಲ್ಲಿ ಮೈಕು ಕಿರ್ ಎಂದಿತು. “ಈ ಸಲದ ಹಬ್ಬದ ಅತ್ಯುತ್ತಮ ಕುಶಲಕರ್ಮಿ,” ಎಂದು ಸುಕನ್ಯ ಮೇಡಂ ಘೋಷಿಸಿದರು, “ಶ್ರೀ ವೆಂಕಟಾಚಲ ಅವರು!”

ಚಪ್ಪಾಳೆಯೋ ಚಪ್ಪಾಳೆ. ವೆಂಕಟಾಚಲರು ದುಪಟ್ಟಾ ಬಿಗಿ ಮಾಡಿಕೊಂಡು ಎದ್ದರು. ಎದೆ ತಾನಾಗಿ ಉಬ್ಬಿತು. ಆಗ ಪಕ್ಕಕ್ಕೆ ಕಣ್ಣು ಹೋಯಿತು. ರಮಾಮಣಿಯವರು ಚಪ್ಪಾಳೆ ತಟ್ಟುತ್ತಿದ್ದರು, ನಗುತ್ತಲೂ ಇದ್ದರು. ಆದರೆ ಆ ನಗು ತುಟಿಯಿಂದ ಮೇಲೆ ಹತ್ತಿರಲಿಲ್ಲ. ಇಷ್ಟೆಲ್ಲ ರಂಪ ಮಾಡಿ, ಕೊನೆಗೆ ಇಲ್ಲೂ ನನ್ನ ಹೆಸರೇ ಬಂತಲ್ಲ ಎಂದು ವೆಂಕಟಾಚಲರಿಗೆ ನಾಚಿಕೆಯಾಯಿತು. ಮೈಕಿನ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡರು.

“ತಪ್ಪಾಯ್ತು ಮೇಡಂ, ಹೆಸರು ಬದಲಾಯಿಸ್ಕೊಳ್ಳಿ. ಹಿಟ್ಟಿನ ಹದ ಅವಳದ್ದು, ಕಸುಬು ಅವಳದ್ದು, ಬೋರ್ಡು ಅವಳದ್ದು. ನಾನು ಬರೀ ಮೋಟರು.”

ಆಮೇಲೆ ಎದ್ದ ಚಪ್ಪಾಳೆಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ರಮಾಮಣಿಯವರ ಮುಖ ಈಗ ನಿಜವಾಗಿ ಅರಳಿತು. ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಶಾಲು ಹೊದಿಸಿಕೊಂಡರು, ಹಾರ ಹಾಕಿಸಿಕೊಂಡರು, ಗಂಡನ ಕಡೆ ಒಂದು ಪ್ರೀತಿಯ ನೋಟ ಬೀರಿದರು. ಎಲ್ಲ ಸುಖಾಂತವಾಯಿತು ಎಂದು ವೆಂಕಟಾಚಲರು ಉಸಿರು ಬಿಟ್ಟರು. ಆಗ ರಮಾಮಣಿಯವರು ಮೈಕು ಕೈಗೆ ತೆಗೆದುಕೊಂಡರು.

“ಎಲ್ಲರಿಗೂ ನಮಸ್ಕಾರ. ನಮ್ಮನೆಯವರು ಈಗಷ್ಟೇ ಹೇಳಿದ್ದನ್ನ ಎಲ್ಲರೂ ಕೇಳಿಸ್ಕೊಂಡ್ರಲ್ಲ? ಯಾರಿಗಾದ್ರೂ ಶಾವಿಗೆ ಒತ್ತಿಸ್ಕೋಬೇಕಿದ್ರೆ ನನಗೆ ಹೇಳಿ. ನಮ್ಮ ಮೋಟರ್ ರಿಟೈರಾಗಿ ಮನೇಲಿ ಖಾಲೀನೇ ಇದೆ.”

ವೆಂಕಟಾಚಲರು ಬೇಡ ಬೇಡವೆಂದು ಕೈಯಾಡಿಸುವಷ್ಟರಲ್ಲಿ ಹೆಂಗಸರು ಸಾಲುಗಟ್ಟಿದ್ದರು. ವಾಕಿಂಗ್ ಬಳಗದವರ ಹೆಂಡತಿಯರೆಲ್ಲ ಅದರಲ್ಲಿದ್ದರು. ಸಾಲಿನ ಮುಂದೆ ಜಹನಾರಾ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವರು ಶಫಿ ಸಾಹೇಬರೇ. ಗೆಳೆಯನ ಕಡೆ ನೋಡಿದರೆ ಎಲ್ಲಿ ತಮ್ಮ ಸೊಂಟ ವಾಸಿಯಾದೀತೋ ಎಂಬಂತೆ ಅವರು ಬೇರೆ ಕಡೆ ನೋಡುತ್ತಿದ್ದರು.

“ಅಕ್ಕಾ, ಈದ್‌ಗೆ ನಂದೇ ಮೊದಲು,” ಎಂದ ಜಹನಾರಾ ವೆಂಕಟಾಚಲರನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದು ನೋಡಿ, ಅನುಮಾನದಿಂದ ಕೇಳಿದರು. “ಇದು ದಿನಾಪೂರ್ತಿ ನಿಲ್ದೇ ತಿರುಗ್ತದಾ?”

“ತಿರುಗತ್ತೆ ಜಹನಾರಾ,” ಎಂದರು ರಮಾಮಣಿಯವರು. “ಮಧ್ಯದಲ್ಲಿ ಸ್ವಲ್ಪ ಕಾಫಿ ಹುಯ್ದರೆ ಸಾಕು.”